ದುಡ್ಡು ಕೊಟ್ಟು ಉಣ್ಣುವ ಪಂಕ್ತಿ

ಹಣ ಕೊಟ್ಟು ಉಣ್ಣುವ ಸ್ಥಳದಲ್ಲಿ ಬಡಿಸುವವನು ಉಣ್ಣುವವನ ಹೆಸರನ್ನು ಕೇಳುವದು ಒಳ್ಳೇದೋ, ಕೇಳದಿರುವದು ಒಳ್ಳೇದೋ? ಇದು ಸಣ್ಣ ಮಾತೆಂದು ಕೆಲವರಿಗೆ ತೋರೀತು. ಆದರೆ ನಮ್ಮ ಸೀಮೆಯಲ್ಲಿ ಹೆಸರು ಕೇಳಿದವನು ಊರು ಕೇಳುವನು, ಊರು ಕೇಳಿದವನು ಕೇರಿಯನ್ನೂ ಕೇಳುವನು.

ಸಿಂಧನೂರಿನ ಖಾನಾವಳಿಯ ಊಟವನ್ನು ಹೊಗಳುವದಕ್ಕೆ ನನಗೆ ನಾಚಿಕೆಯಿಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮೊಸರು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆಯ ಕಾಲುವೆ ಈ ಕಡೆಗೆ ಹರಿದ ಮೇಲೆ ಜೋಳದ ಹೊಲಗಳು ನೆಲ್ಲಿನ ಗದ್ದೆಗಳಾದವು. ಆಂಧ್ರದ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಇಲ್ಲಿಯೇ ನೆಲೆ ಸಿಕ್ಕಿತು. ಹೀಗಾಗಿ ರೊಟ್ಟಿಯ ಊರಿನಲ್ಲಿ ಅನ್ನವೂ ಮೀನಿನ ಸಾರೂ ಬೇರೂರಿದವು. (ಆಂಧ್ರದವರ ಗೋಂಗೂರವೂ ನಮ್ಮ ಪುಂಡಿಯೂ ಒಂದೇ ಎಲೆ, ಆದರೂ ಎರಡು ಪಕ್ಷದವರೂ ತಮ್ಮದೇ ಹೆಚ್ಚೆಂದು ವಾದಿಸುವರು.) ಲಿಂಗಸುಗೂರಿನ ವಿಷಯವಾಗಿ ಹೆಚ್ಚು ಹೇಳಲಾರೆನು, ಹಟ್ಟಿಯ ಚಿನ್ನದ ಗಣಿಯ ಕಡೆಗೆ ಹೋಗುವವರೊಂದಿಗೆ ಅಲ್ಲಿ ಬಸ್ಸು ಕಾಯುತ್ತಾ ಮಂಡಾಳು ಒಗ್ಗರಣೆಯನ್ನೂ ಮಿರ್ಚಿಯನ್ನೂ ತಿಂದದ್ದಷ್ಟೇ ನನ್ನ ಅನುಭವ.

ನಾನು ಚಿಕ್ಕವನಾಗಿದ್ದಾಗ ತಂದೆಯವರು ಈ ಸೀಮೆಯ ಒಂದು ಚಹದಂಗಡಿಗೆ ನನ್ನನ್ನು ಕರಕೊಂಡು ಹೋದರು. ಅಂಗಡಿಯವನು ಅವರನ್ನು ಹೆಸರು ಹಿಡಿದು ಕರೆದು, ಮಳೆಬೆಳೆಯನ್ನೂ ನನ್ನ ತಾಯಿಯ ಜ್ವರವನ್ನೂ ವಿಚಾರಿಸಿದನು; ವಿಚಾರಿಸುತ್ತಲೇ ಗೋಡೆಯ ಗೂಡಿನಲ್ಲಿದ್ದ ಬೇರೆ ಬಟ್ಟಲಿಗೆ ಚಹ ಸುರುವಿದನು. ತಂದೆಯವರು ಕುಡಿದು, ತೊಳೆದು, ಅದನ್ನು ತಿರಿಗಿ ಗೂಡಿನಲ್ಲಿಟ್ಟರು. ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು 1950ರ ಸಂವಿಧಾನವು ಹೇಳಿತು. ಅಸ್ಪೃಶ್ಯತೆಯನ್ನು ಆಚರಿಸುವವರಿಗೆ 1955ರ ಕಾಯಿದೆಯು ಶಿಕ್ಷೆಯನ್ನು ವಿಧಿಸಿತು. ಗೂಡು ಮಾತ್ರ ಹಾಗೆಯೇ ಇತ್ತು. ಆದರೂ ಅವನು ಜ್ವರ ವಿಚಾರಿಸಿದ್ದು ಕಪಟವೆಂದು ನಾನು ಹೇಳಲಾರೆನು. ಇದೇ ನನ್ನನ್ನು ಇಂದಿಗೂ ಕಾಡುವದು.

ಬೆಂಗಳೂರಿನಲ್ಲಿ ಹೀಗಿಲ್ಲ. 1980ರ ದಶಕದಿಂದ ಅಲ್ಲಿ ಹಬ್ಬಿದ ದರ್ಶಿನಿಗಳಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದು, ಭುಜಕ್ಕೆ ಭುಜ ತಾಗುವಂತೆ ನಿಂತು ತಿನ್ನುವರು. ತಟ್ಟೆ ಒಂದೇ, ನೀರು ಒಂದೇ. ಕೇರಿಯ ಮಾತೇ ಬಾರದು. ಅಲ್ಲಿ ಮೊದಲನೆಯ ದಿವಸ ಇಡ್ಲಿ ತಿಂದಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಆದರೆ ಮೂರು ತಿಂಗಳು ಒಂದೇ ಕಡೆಯಲ್ಲಿ ಉಂಡ ಮೇಲೆ ಜ್ವರದಿಂದ ಹತ್ತು ದಿವಸ ಹೋಗದಿದ್ದರೂ, ಎಲ್ಲಿದ್ದಿ ಎಂದು ಕೇಳಿದವರಿಲ್ಲ. ಅದೇ ಪಟ್ಟಣದಲ್ಲಿ ಬಾಡಿಗೆಯ ಮನೆಗೆ ಹೋದಾಗ ಹೆಸರನ್ನೂ ಕೇಳಿದರು, ಅಡಿಗೆ ಯಾವದೆಂದೂ ಕೇಳಿದರು!

ಮಮತೆಯಿದ್ದರೆ ಬಟ್ಟಲಿನ ಭೇದವನ್ನು ಸಹಿಸಬಹುದೆಂದು ನಮ್ಮ ಹಿರಿಯರಲ್ಲಿ ಕೆಲವರು ಅನ್ನುವರು. ನಾನು ಒಪ್ಪೆನು. ಅಂತಿಯೋಕ್ಯದಲ್ಲಿ ಪಂಕ್ತಿಯಿಂದ ಹಿಂದೆಗೆದ ಪೇತ್ರನಿಗೂ ಆ ಜನರ ಮೇಲೆ ಮಮತೆಯಿತ್ತು. ಆದರೂ ಪೌಲನು ಅವನನ್ನು ಎದುರಾಗಿಯೇ ಖಂಡಿಸಿದನು. ಮರೆವಿನಿಂದ ಬಂದ ಸಮಾನತೆ ತಣ್ಣಗಿದ್ದರೂ ಅದರಲ್ಲಿ ಅವಮಾನವಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ತಣ್ಣಗಿನದನ್ನು ಆರಿಸುವೆನು. ಆದರೆ ಒಂದನ್ನೇ ಯಾಕೆ ಆರಿಸಬೇಕು?

1915ರಲ್ಲಿ ಮಸ್ಕಿಯ ಗುಡ್ಡದಲ್ಲಿ, ಚಿನ್ನದ ಗಣಿಗಳ ಎಂಜಿನಿಯರನಾದ ಬೀಡನ್ ಎಂಬವನ ಕಣ್ಣಿಗೆ ಅಶೋಕನ ಶಾಸನ ಬಿತ್ತು. ಉನ್ನತವಾದದ್ದು ದೊಡ್ಡವರಿಗೆ ಮಾತ್ರವಲ್ಲ, ಕೆಳಗಿನವರಿಗೂ ಲಭಿಸುವದೆಂಬ ಅರ್ಥದ ಮಾತು ಅದರಲ್ಲಿದೆ. ಅದನ್ನು ನೋಡಿ ಇಳಿದು ಬಂದ ದಿವಸ ನಾನು ಊರೊಳಗಿನ ಒಂದು ಖಾನಾವಳಿಯಲ್ಲಿ ಕೂತೆನು. ಬಡಿಸುವ ಮುದುಕಿ, “ಯಾವೂರಪ್ಪಾ?” ಎಂದಳು. ಊರು ಹೇಳಿದೆನು, ಅವಳು ಕೇಳುವದಕ್ಕೆ ಮುಂಚೆಯೇ ಕೇರಿಯನ್ನೂ ಹೇಳಿಬಿಟ್ಟೆನು. ಪಕ್ಕದಲ್ಲಿದ್ದ ಟ್ರಾಕ್ಟರಿನವನು ತಲೆಯೆತ್ತಿ ನೋಡಿದನು. ಮುದುಕಿ ಅವನ ತಟ್ಟೆಗೊಂದು, ನನ್ನ ತಟ್ಟೆಗೊಂದು ರೊಟ್ಟಿ ಹಾಕಿ, “ಈ ಸಲ ನಿಮ್ಮ ಕಡೆ ಕಾಲುವೆಗೆ ನೀರು ಬಿಟ್ಟರೇನು?” ಎಂದು ಕೇಳಿದಳು.