ಯಾರಪ್ಪನ ದುಡ್ಡು?

ನಮ್ಮ ಕಡೆ ಜಗಳ ಹತ್ತಿದರೆ ಮೊದಲು ಬರುವ ಮಾತು: 'ಇದೇನು ನಿಮ್ಮಪ್ಪನ ದುಡ್ಡಾ?' ಬೈಗುಳ ಅಂತ ಇದನ್ನು ತಳ್ಳಿಬಿಡುತ್ತೇವೆ. ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಂತು ಕೇಳಿದರೆ ಇದು ಬೈಗುಳವಲ್ಲ, ಉತ್ತರ ಬೇಕಾದ ಪ್ರಶ್ನೆ.

ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಸಿರುಗುಪ್ಪ, ಕುರುಗೋಡಿನ ಕೇರಿಗಳಿಂದ ಬೆಳಗಿನ ಬಸ್ಸು ಹತ್ತಿ ಬಂದು ಸಂಜೆ ಬಸ್ಸಿಗೆ ಓಡುವ ಮಕ್ಕಳಿಗೆ ಕ್ಲಾಸಂತೂ ಸಿಗುತ್ತದೆ. ಕ್ಲಾಸು ಬಿಟ್ಟ ಮೇಲೆ ನಡೆಯುವ ನಾಟಕದ ತಾಲೀಮು, ಚರ್ಚಾಕೂಟ, ಆಟ, ಪ್ರವಾಸ? ಮನುಷ್ಯ ಮನುಷ್ಯನ ಪಕ್ಕ ಕೂತು ಹೆದರಿಕೆ ಬಿಡುವುದು ಅಲ್ಲೇ. ಕೇರಿಯ ಹುಡುಗಿ ಮೈಕಿನ ಮುಂದೆ ಮೊದಲ ಸಲ ನಿಲ್ಲುವುದೂ ಅಲ್ಲೇ. ಅಂಥದ್ದಕ್ಕೆ ದುಡ್ಡು ಎಲ್ಲಿಂದ?

ಪಾಲಕರಿಂದ ಎತ್ತಿರಿ ಅನ್ನುವವರಿದ್ದಾರೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಪಾಲಕರ ನಿಧಿ ಇದೆ. ತಂದೆತಾಯಿಗಳು ಫೀ ಕಟ್ಟಿದ ಮೇಲೂ ದೇಣಿಗೆ ಕೊಡುತ್ತಾರೆ, ಆ ಗಂಟಿನಿಂದ ವಿದ್ಯಾರ್ಥಿ ಸಂಘಗಳಿಗೆ, ಉತ್ಸವಗಳಿಗೆ ಅನುದಾನ ಹೋಗುತ್ತದೆ. ಕೇಳಲಿಕ್ಕೆ ಚೆಂದ. ಮಗನಿಗಾಗಿ ಅಪ್ಪ ಕೊಟ್ಟರೆ ತಪ್ಪೇನು? ಕೊಡುವುದು ತಪ್ಪಲ್ಲ. ಕೊಟ್ಟ ಮೇಲೆ ಏನಾಗುತ್ತದೆ ಅನ್ನುವುದು ನಮ್ಮ ತಕರಾರು.

ನಮ್ಮ ರಾಜ್ಯವೂ ಈ ದಾರಿ ತುಳಿದು ನೋಡಿದೆ. 2022ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಒತ್ತಾಯವಿಲ್ಲ, ಸ್ವಇಚ್ಛೆ ಎಂದಿತು. ವಿರೋಧ ಎದ್ದು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಸ್ವಇಚ್ಛೆ! ಮೇಷ್ಟ್ರ ಕೈಯಲ್ಲಿ ಪಟ್ಟಿ ಇರುವಾಗ ಬಡವನ ಸ್ವಇಚ್ಛೆ ಎಷ್ಟು ಉದ್ದ ಅಂತ ಹಳ್ಳಿಯ ಮೇಷ್ಟ್ರುಗಳಿಗೆ ನಾವು ಹೇಳಬೇಕಿಲ್ಲ. ಒಮ್ಮೆ ಒಂದು ಕಡೆ ವಾರ್ಷಿಕೋತ್ಸವದ ವಂತಿಗೆ ಕೇಳಿದಾಗ ಸಿರುಗುಪ್ಪದ ಕಡೆಯ ತಾಯಿಯೊಬ್ಬಳು ಅಂದಳು: 'ನೂರು ರೂಪಾಯಿ ಹ್ಯಾಂಗರ ಮಾಡಿ ಕೊಡ್ತೀನ್ರೀ ಸರ. ಆದ್ರ ಕೊಡದವರ ಹೆಸರು ಕ್ಲಾಸಿನ್ಯಾಗ ಓದಬ್ಯಾಡ್ರಿ.' ಅವಳಿಗೆ ನೂರು ರೂಪಾಯಿ ಭಾರವಲ್ಲವೆಂದಲ್ಲ. ಅದಕ್ಕಿಂತ ಭಾರದ್ದು ಯಾವುದು ಅಂತ ಅವಳಿಗೆ ಗೊತ್ತಿತ್ತು.

ದಾನದಿಂದ ಬಂದ ವಿದ್ಯೆಯ ಕತೆ ನಮಗೆ ಹೊಸದಲ್ಲ. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಬಾಬಾಸಾಹೇಬರನ್ನು ಕೊಲಂಬಿಯಾಕ್ಕೆ ಕಳಿಸಿದರು. ಮಹಾರಾಜರು ದೊಡ್ಡ ಮನಸ್ಸಿನವರೇ, ಆ ಋಣ ನಾವು ಮರೆಯುವುದಿಲ್ಲ. ಆದರೆ ಜೊತೆಗೆ ಹತ್ತು ವರ್ಷ ಬರೋಡಾದ ನೌಕರಿ ಮಾಡುವ ಕರಾರಿತ್ತು. 1917ರಲ್ಲಿ ಆ ಕರಾರಿನಂತೆ ಬಂದವರಿಗೆ ಊರಲ್ಲಿ ಒಂದು ಬಾಡಿಗೆ ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿಕೊಂಡು ಇದ್ದರು, ಗೊತ್ತಾದಾಗ ಕೋಲು ಹಿಡಿದು ಬಂದವರು ಹೊರಗೆ ಹಾಕಿದರು. ದಾನ ಪದವಿ ತನಕ ಬಂತು, ಬಾಗಿಲ ತನಕ ಬರಲಿಲ್ಲ. ಮುಂದೆ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು ಕಟ್ಟಿದವರು ಅವರೇ. ಯಾರ ಮರ್ಜಿಗೂ ಕಾಯದೆ ಮಕ್ಕಳು ಕೂರುವ ಜಾಗ ಬೇಕಿತ್ತು.

ಈಗ ಹೇಳಿ, ಪಾಲಕ ಅಂದರೆ ಯಾರು? ಕುರುಗೋಡಿನ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವವಳು, ಬಳ್ಳಾರಿಯ ಜೀನ್ಸ್ ಹೊಲಿಗೆ ಮಷಿನ್ನಿನ ಮುಂದೆ ಕೂತವನು, ತುಂಗಭದ್ರೆಯ ನೀರಿನಲ್ಲಿ ಮೊಣಕಾಲು ಮುಳುಗಿಸಿ ಸಿರುಗುಪ್ಪದ ಗದ್ದೆಯಲ್ಲಿ ಭತ್ತ ನಾಟಿ ಹಚ್ಚುವವಳು. ಇವರು ಏನೂ ಕೊಟ್ಟಿಲ್ಲವೇ? 25 ಕಿಲೋ ತನಕದ, ಲೇಬಲ್ ಹಚ್ಚಿದ ಅಕ್ಕಿ ಚೀಲದ ಮೇಲೆ 2022ರ ಜುಲೈನಲ್ಲಿ ಶೇಕಡಾ 5 ತೆರಿಗೆ ಹಾಕಿದರು. ತಾನೇ ನಾಟಿ ಹಚ್ಚಿದ ಭತ್ತದ ಅಕ್ಕಿಗೆ ಅವಳು ಅಂಗಡಿಯಲ್ಲಿ ತೆರಿಗೆ ಕಟ್ಟಿದಳು. ಆ ದುಡ್ಡು ವಿಶ್ವವಿದ್ಯಾಲಯದ ಸಂಬಳದಲ್ಲಿದೆ, ಗೋಡೆಯಲ್ಲಿದೆ. ಆದರೂ ಉಳ್ಳವನು ಕೊಟ್ಟರೆ 'ದಾನಿ', ಅವನ ಹೆಸರು ಕಲ್ಲಿನ ಮೇಲೆ. ಇವಳ ಮಗಳು 'ಫಲಾನುಭವಿ', ಅವಳ ಹೆಸರು ಅರ್ಜಿಯ ಮೇಲೆ.

ಹಾಗಂತ ಆ ತಾಯಿಯ ನೂರು ರೂಪಾಯಿ ಬೇಡ ಅನ್ನುವುದೇ? ಇಲ್ಲಿ ನಮಗೇ ನಾಲಿಗೆ ತಡವರಿಸುತ್ತದೆ. ಬಡವರಿಗೆ ಕೊಡುವ ಯೋಗ್ಯತೆಯೂ ಇಲ್ಲ ಅಂದ ಹಾಗಾಗುತ್ತದೆ. ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡಿದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ವಾಪಸು ಸುರಿದು ಬಾ ಅಂದಳಂತೆ. ದಾಸೋಹದಲ್ಲಿ ಕೊಟ್ಟವನಿಗೆ ಬೇರೆ ಪಂಕ್ತಿ ಇರುವುದಿಲ್ಲ, ದಾನದಲ್ಲಿ ಇರುತ್ತದೆ. ನಮ್ಮ ಜಗಳ ಆ ಪಂಕ್ತಿಯ ಮೇಲೆ.

ಮೊದಲು ಸಾರ್ವಜನಿಕ ದುಡ್ಡು ಬರಲಿ. ಗಣಿಯ ಧೂಳು ಕುಡಿದ ಜಿಲ್ಲೆ ಇದು. 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಶಿಕ್ಷಣವೂ ಒಂದು ಆದ್ಯತೆ. ಸಂಜೆ ತಾಲೀಮು ಮುಗಿದ ಮೇಲೆ ಸಿರುಗುಪ್ಪಕ್ಕೆ ಒಂದು ಬಸ್ಸು, ಹಾಸ್ಟೆಲಿನಲ್ಲಿ ತಡವಾಗಿ ಬಂದವರಿಗೆ ಎತ್ತಿಟ್ಟ ಊಟ, ಇವು ಉತ್ಸವದ ವೇದಿಕೆಗಿಂತ ಮುಂಚೆ ಬೇಕು. ಅದರ ಮೇಲೆ ಪಾಲಕರು ಕೊಡುತ್ತೇವೆ ಅಂದರೆ ಕೊಡಲಿ, ಹೆಸರಿಲ್ಲದ ಹುಂಡಿಗೆ ಹಾಕಲಿ. ಖರ್ಚು ಹೇಗೆ ಅಂತ ವಿದ್ಯಾರ್ಥಿಗಳೇ ಕೂತು ತೀರ್ಮಾನಿಸಲಿ, ಹಾಸ್ಟೆಲಿನವರೂ ಬಸ್ಸಿನವರೂ ಆ ಚಾಪೆಯ ಮೇಲಿರಲಿ.

ಇನ್ನೊಂದು ಮಾತು, ಮೇಷ್ಟ್ರುಗಳೇ. ಪಾಲಕರ ಸಭೆಯನ್ನು ನಾಟಿ ಕಾಲದಲ್ಲಿ, ಹಗಲು ಹನ್ನೊಂದು ಗಂಟೆಗೆ ಕರೆಯಬೇಡಿ. ಅವಳು ಬರುತ್ತಾಳೆ. ಬಂದರೆ ಆ ದಿನದ ಕೂಲಿ ಹೋಯಿತು.