ಹಗಲಿನ ಪತಂಗ ಮತ್ತು ಈರ್ಯಾಸಮಿತಿ

ಮನೆಮಾತು ಕನ್ನಡವಿರಲಿ, ತೆಲುಗು, ಮಾರವಾಡಿ ಅಥವಾ ಗುಜರಾತಿಯಿರಲಿ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕೆಂಬ ನಿಯಮವನ್ನು ಜೈನ ಮನೆಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಅರಿಯುತ್ತಾರೆ. ದೀಪಕ್ಕೆ ಬಂದು ಬೀಳುವ ಪತಂಗವನ್ನು ತೋರಿಸಿ ಹಿರಿಯರು ಅದರ ಕಾರಣವನ್ನು ಹೇಳುವುದುಂಟು. ಇದರಿಂದಾಗಿ ಪತಂಗವೆಂದರೆ ರಾತ್ರಿಯ ಜೀವಿ, ಹಗಲಿನಲ್ಲಿ ಅದರ ಚಿಂತೆಯಿಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಪೂರ್ಣ ಸತ್ಯವಲ್ಲ.

2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರದ ಸುತ್ತಿನ ಬಯಲುಗಳಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿದಾಗ, ಸೆಣಬಿನ ಜಾತಿಯ ಗಿಡಗಳೂ ಹಳದಿ ಹೂ ಬಿಡುತ್ತವೆ. ಇವುಗಳ ಒಣಗಿದ ಕಾಯಿ ಗೆಜ್ಜೆಯಂತೆ ಸದ್ದು ಮಾಡುತ್ತದೆ. ಈ ಗಿಡಗಳನ್ನು ತಿಂದು ಬೆಳೆಯುವ ಒಂದು ಸಣ್ಣ ಪತಂಗಕ್ಕೆ 1758ರಲ್ಲಿ ಲಿನೇಯಸ್ ನಾಮಕರಣ ಮಾಡಿದನು. ಈಗಿನ ಶಾಸ್ತ್ರೀಯ ಹೆಸರು ಯುಟೆಥೀಸಾ ಪುಲ್ಕೆಲ್ಲಾ. ಬಿಳಿಯ ರೆಕ್ಕೆಯ ಮೇಲೆ ಕೆಂಪು, ಕಪ್ಪು ಚುಕ್ಕೆಗಳು ಕುಂಕುಮ ಕಾಡಿಗೆ ಇಟ್ಟಂತಿರುತ್ತವೆ. ಗಿಡದ ವಿಷವನ್ನು ಮೈಯಲ್ಲಿ ಧರಿಸಿರುವುದರಿಂದ ಹಕ್ಕಿಗಳು ಇದನ್ನು ಮುಟ್ಟಲು ಹಿಂಜರಿಯುತ್ತವೆ. ಆದರೆ ಮನುಷ್ಯನ ಪಾದಕ್ಕೆ ಆ ವಿಷದ ಅರಿವೆಲ್ಲಿ?

ರೆಕ್ಕೆಗಳನ್ನು ಮೈಗೆ ಸುತ್ತಿಕೊಂಡು ಹುಲ್ಲಿಗೆ ಅಂಟಿ ಕುಳಿತಾಗ ಇದು ಒಣ ಕಡ್ಡಿಯಂತಿರುತ್ತದೆ. ಹೆಜ್ಜೆ ಸಮೀಪಿಸಿದಾಗ ಮಾತ್ರ ಮೇಲೆದ್ದು, ನಾಲ್ಕಾರು ಮೊಳ ಹಾರಿ, ಮತ್ತೆ ಹುಲ್ಲಿನಲ್ಲಿ ಅಡಗುತ್ತದೆ. ಅಂದರೆ ಕಂಡ ಪತಂಗವೆಲ್ಲ ತುಳಿತದಿಂದ ತಪ್ಪಿಸಿಕೊಂಡ ಪತಂಗ. ತಪ್ಪಿಸಿಕೊಳ್ಳದೆ ಉಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಇದನ್ನು ನೋಡಲೆಂದು ಹುಲ್ಲಿಗಿಳಿಯುವುದೇ ಹಿಂಸೆಯಲ್ಲವೆ? ಪ್ರಮಾದದಿಂದ ಕೂಡಿದ ಪ್ರಾಣಹರಣವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವ ಈರ್ಯಾಸಮಿತಿಯು ಮುನಿಗಳ ಆಚರಣೆ. ಮಳೆಗಾಲದಲ್ಲಿ ಅವರು ಸಂಚಾರವನ್ನೇ ನಿಲ್ಲಿಸಿ ಚಾತುರ್ಮಾಸದಲ್ಲಿ ನೆಲೆಸುತ್ತಾರೆ. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲ. ಹೊಲ, ಅಂಗಡಿ, ಬಸ್ಸು ಕಾಯುತ್ತಿರುತ್ತವೆ. ಆದರೂ ಪತಂಗವನ್ನು ಕಾಣಬೇಕೆಂಬ ಕುತೂಹಲದಿಂದ ಮೆಲ್ಲನೆ ಹೆಜ್ಜೆಯಿಡುವವನು, ವ್ರತದ ಹೆಸರೆತ್ತದೆ ಅದರ ಒಂದಂಶವನ್ನು ಪಾಲಿಸಿದಂತಾಯಿತು. ಅದೇ ಕುತೂಹಲ ಅದನ್ನು ಅಟ್ಟಿಸಿಕೊಂಡು ಓಡಿದರೆ, ಸೀಸೆಯಲ್ಲಿ ಮುಚ್ಚಿದರೆ, ಸೂಜಿಗೆ ಚುಚ್ಚಿದರೆ, ಪ್ರಮಾದವಲ್ಲದೆ ಮತ್ತೇನು?

ಪತಂಗವನ್ನು ಚತುರಿಂದ್ರಿಯ ಜೀವಿಯೆಂದು ಎಣಿಸಲಾಗಿದೆ: ಸ್ಪರ್ಶ, ರುಚಿ, ವಾಸನೆ, ದೃಷ್ಟಿ ಉಂಟು, ಶ್ರವಣವಿಲ್ಲ. ಇಂದಿನ ವಿಜ್ಞಾನಿಗಳಾದರೋ ಇದೇ ಕುಟುಂಬದ ಅನೇಕ ಪತಂಗಗಳ ಎದೆಯ ಭಾಗದಲ್ಲಿ ಬಾವಲಿಯ ಸೂಕ್ಷ್ಮ ಧ್ವನಿಯನ್ನು ಗ್ರಹಿಸುವ ಪೊರೆಯನ್ನು ಕಂಡಿದ್ದಾರೆ. ಇದನ್ನು ಕೇಳಿ ಕೆಲವರು ಕಳವಳಗೊಳ್ಳುತ್ತಾರೆ, ಕೆಲವರು ಅವಸರದಿಂದ ಸಮಾಧಾನ ಹೇಳುತ್ತಾರೆ. ಎರಡೂ ಬೇಡ. ಅನಿವಾರ್ಯವಾದಲ್ಲಿ ಹಾನಿಯನ್ನು ಕಡಿಮೆ ಮಾಡಲು ಗೃಹಸ್ಥನಿಗೆ ನೆರವಾದ ಇಂದ್ರಿಯಗಳ ಗಣನೆಯನ್ನು, ವ್ಯಾಪಾರದ ರಿಯಾಯಿತಿಯಂತೆ ಬಳಸಿ "ನಾಲ್ಕೇ ತಾನೆ" ಎನ್ನುವುದು ನಮ್ಮ ತಪ್ಪು. ಕಿವಿಯಿದ್ದರೂ ಇಲ್ಲದಿದ್ದರೂ ಪಾದದ ಕೆಳಗೆ ಅದರ ನೋವು ಒಂದೇ.

ಇದೇ ಕುಟುಂಬಕ್ಕೆ ಸೇರಿದ ಕಂಬಳಿಹುಳು ಇಲ್ಲಿಯ ಕಡಲೆಕಾಯಿ ಬೆಳೆಯನ್ನು ತಿಂದುಹಾಕುತ್ತದೆ. ರೈತರು ರಾತ್ರಿ ಹೊಲದಲ್ಲಿ ದೀಪವಿಟ್ಟು ಅದರ ಪತಂಗಗಳನ್ನು ನೀರಿಗೆ ಬೀಳಿಸುವ ಕ್ರಮವಿದೆ. ಸಾಲ ಮಾಡಿ ಬಿತ್ತಿದವನಿಗೆ ಉಪದೇಶ ಹೇಳುವುದು ಸುಲಭವಲ್ಲ, ಉಚಿತವೂ ಅಲ್ಲ. ಆ ಕಡಲೆಕಾಯಿಯನ್ನು ಕೊಂಡು ಮಾರಿ ಜೀವಿಸುವ ಶ್ರಾವಕನು, ಸೂರ್ಯಾಸ್ತದೊಳಗೆ ಊಟ ಮುಗಿಸಿದ ಮಾತ್ರಕ್ಕೆ, ಹೊಲದ ಆ ದೀಪ ತನ್ನದಲ್ಲವೆಂದು ಹೇಳಬಲ್ಲನೆ?