ಕತ್ತಲಲ್ಲಿ ಕೂಗಿದವರು ಯಾರು?



ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿ ರಮ್ ಎಂಬ ದ್ವೀಪವಿದೆ. ಅಲ್ಲಿಯ ಒಂದು ಬೆಟ್ಟದ ಹೆಸರು ಟ್ರೊಲ್ಲವಲ್, ಅಂದರೆ ರಾಕ್ಷಸರ ಬೆಟ್ಟ. ಹಿಂದೆ ಹಡಗೇರಿ ಬಂದ ನಾರ್ಸ್ ಜನ ಇಟ್ಟ ಹೆಸರು. ರಾತ್ರಿ ನೆಲದೊಳಗಿಂದ ಯಾರದೋ ಕತ್ತು ಹಿಸುಕಿದಂಥ ಅರಚಾಟ ಕೇಳಿ, ಒಳಗೆ ರಾಕ್ಷಸರಿದ್ದಾರೆ ಎಂದು ಅವರು ನಂಬಿದರಂತೆ.

ಅರಚುತ್ತಿದ್ದುದು ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿ. ಅರ್ಧ ಕಿಲೋ ಕೂಡ ತೂಗದು. ಕಾಲುಗಳು ಮೈಯ ತೀರಾ ಹಿಂದಕ್ಕಿರುವುದರಿಂದ ನೀರಿನಲ್ಲಿ ಚುರುಕು, ನೆಲದ ಮೇಲೆ ತೆವಳಾಟ. ಹಗಲಲ್ಲಿ ಗೂಡಿಗೆ ಬಂದರೆ ದೊಡ್ಡ ಗಲ್ ಹಕ್ಕಿಗಳು ಹಿಡಿದು ತಿನ್ನುತ್ತವೆ. ಅದಕ್ಕೇ ಕತ್ತಲಾಗುವವರೆಗೆ ಕಡಲ ಮೇಲೆ ಕಾದು, ಆಮೇಲೆ ಬೆಟ್ಟಕ್ಕೆ ಬರುತ್ತವೆ. ಬಿಲದಲ್ಲಿ ಒಂದೇ ಒಂದು ಮೊಟ್ಟೆಗೆ ಕಾವು ಕೊಡುತ್ತ ಕೂತ ಸಂಗಾತಿ ಆ ಕೂಗಿನಿಂದಲೇ ತನ್ನ ಜೊತೆಯನ್ನು ಗುರುತಿಸುತ್ತದೆ. ಊರನ್ನೇ ಹೆದರಿಸಿದ ರಾಕ್ಷಸರು ಜೀವಭಯದಿಂದ ಹಗಲು ಬಿಟ್ಟು ರಾತ್ರಿ ಮನೆಗೆ ಬರುತ್ತಿದ್ದವರು! ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಮುಂದಕ್ಕೆ ಓದಲಿಲ್ಲ.

ಬೆಟ್ಟಕ್ಕೆ ಆ ಹೆಸರು ಇರಲಿ, ಬೆಟ್ಟಕ್ಕೇನೂ ನೋವಿಲ್ಲ. ಹೆಸರು ಜೀವ ಇರುವವರ ಮೇಲೆ ಬಿದ್ದಾಗ? ನಮ್ಮಲ್ಲಿ ಗೂಬೆ ಕೂಗಿದರೆ ಸಾವು ಎನ್ನುತ್ತಾರೆ. ಸುಮ್ಮನೆ ಒಬ್ಬರ ಮೇಲೆ ತಪ್ಪು ಹೊರಿಸುವುದಕ್ಕೆ ‘ಗೂಬೆ ಕೂರಿಸುವುದು’ ಎಂದೇ ಹೇಳುತ್ತೇವೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರೆನಿಸಿದವರು ತಮ್ಮ ಹೆಜ್ಜೆಯ ಧೂಳನ್ನು ಗುಡಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ಜಾತಿ ಬರೀ ಭ್ರಮೆಯಲ್ಲ, ಅದರಲ್ಲಿ ಕೆಲವರಿಗೆ ಲಾಭವಿದೆ, ಒಪ್ಪುತ್ತೇನೆ. ಆದರೆ ಆ ಲಾಭಕ್ಕೆ ಕಾವಲು ಕೂತಿರುವುದು ಮೈಲಿಗೆಯ ಭಯವೇ. ಎಷ್ಟು ಜನ ಹತ್ತಿರ ಬಂದು ನೋಡಿದರು?

ಮಜ್ಝಿಮ ನಿಕಾಯದ ಭಯಭೇರವ ಸುತ್ತದಲ್ಲಿ ಬುದ್ಧರು ಬೋಧಿಗೆ ಮುಂಚಿನ ತಮ್ಮ ರಾತ್ರಿಗಳನ್ನು ನೆನೆಯುತ್ತಾರೆ. ಕಾಡಿನಲ್ಲಿ ಯಾವುದೋ ಪ್ರಾಣಿ ಸುಳಿದರೆ, ನವಿಲು ಒಂದು ಕಡ್ಡಿ ಮುರಿದರೆ, ಗಾಳಿಗೆ ತರಗೆಲೆ ಸರಿದರೆ ಭಯ ಬರುತ್ತಿತ್ತು. ಆಗ ನಡೆಯುತ್ತಿದ್ದರೆ ನಡೆಯುತ್ತಲೇ, ಕೂತಿದ್ದರೆ ಕೂತೇ ಇದ್ದು, ಆ ಭಯ ಇಳಿಯುವವರೆಗೆ ನೋಡಿದರು. ತಾಯಿತವಿಲ್ಲ, ಮಂತ್ರವಿಲ್ಲ, ಓಡಿದ್ದೂ ಇಲ್ಲ.

ಈ ಹಕ್ಕಿಗಳನ್ನೂ ಯಾರೋ ಹಾಗೆ ಕತ್ತಲಲ್ಲಿ ಕೂತು ನೋಡಿದ್ದರಿಂದಲೇ ಅವುಗಳ ಆಯುಸ್ಸು ತಿಳಿಯಿತು. ಉತ್ತರ ಐರ್ಲೆಂಡಿನ ಕೋಪ್‌ಲ್ಯಾಂಡ್ ದ್ವೀಪಗಳಲ್ಲಿ 1953ರಲ್ಲಿ ಒಂದು ಶಿಯರ್‌ವಾಟರ್ ಕಾಲಿಗೆ ಗುರುತಿನ ಉಂಗುರ ತೊಡಿಸಿದರು. ಆಗಲೇ ಅದು ಬೆಳೆದ ಹಕ್ಕಿ. 2003ರಲ್ಲಿ ಅದೇ ಹಕ್ಕಿ ಮತ್ತೆ ಕೈಗೆ ಸಿಕ್ಕಿತು! ಈ ಜಾತಿಯ ಹಕ್ಕಿಗಳು ಪ್ರತಿ ವರ್ಷ ದಕ್ಷಿಣ ಅಮೆರಿಕದ ಕಡಲಿಗೆ ಹೋಗಿ ಬರುತ್ತವೆ. ಇನ್ನೊಂದು ಕಡಲಹಕ್ಕಿಯನ್ನೂ ಹೇಳಿಬಿಡುತ್ತೇನೆ. ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮದೀಕ್ಷೆ ಪಡೆದ 1956ರಲ್ಲೇ, ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಒಂದು ಆಲ್ಬಟ್ರಾಸ್‌ಗೆ ಉಂಗುರ ತೊಡಿಸಿದರು. ಅವಳ ಹೆಸರು ವಿಸ್ಡಮ್, ಅಂದರೆ ಪ್ರಜ್ಞೆ. 2024ರಲ್ಲೂ ಅವಳು ಮೊಟ್ಟೆ ಇಟ್ಟಳು.

ಜೈಭೀಮ್.